‘ಕ್ಯಾನಿ’ ಎಂದರೆ ಯಾವ ಊರಿನ ‘ಕ್ಯಾನಿ’?

ಕಳೆದ ಯುಗಾದಿಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ತರುಣ ವೈದ್ಯರೊಬ್ಬರು, ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಲೇ, ತಮ್ಮ ಬೇಸರವನ್ನು ತೋಡಿಕೊಂಡರು. ಅವರು ಈ ದೇಶಕ್ಕೆ ಬಂದು ಇನ್ನೂ ಏಳು ತಿಂಗಳಾಗಿತ್ತು. “ನಾವು ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಏಳೂವರೆ ತೆಗೆದುಕೊಂಡೇ ಇಲ್ಲಿಗೆ ಬಂದವರು. ರೋಗಿಗಳೂ ಸರಿಯಾದ ಇಂಗ್ಲಿಷಿನಲ್ಲಿ ಮಾತನಾಡಲಿ. ಒಂದೊಂದು ಊರಿನ ಒರಟು ಮಾತನ್ನೂ ಕಲಿಯುತ್ತ ಕೂರುವುದು ನಮ್ಮ ಕೆಲಸವೇ?” ಎಂದರು. ಪಂಕ್ತಿಯಲ್ಲಿದ್ದ ಇನ್ನೂ ಮೂರ್ನಾಲ್ಕು ಮಂದಿ ತಲೆದೂಗಿದರು. ನಾನು ಆಗ ಏನೂ ಹೇಳಲಿಲ್ಲ, ಬಾಯಲ್ಲಿ ಹೋಳಿಗೆಯಿತ್ತು. ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ. ಅದು ನಮ್ಮ ಕೆಲಸವೇ ಹೌದು. ಬಹುಶಃ ನಾವು ಓದಿ ಬಂದ ಅನೇಕ ಸಂಗತಿಗಳಿಗಿಂತ ಹೆಚ್ಚಾಗಿ ನಮ್ಮ ಕೆಲಸ.

ನನ್ನ ವಾದಕ್ಕೆ ದೊಡ್ಡ ಸಿದ್ಧಾಂತದ ಬೆಂಬಲವಿಲ್ಲ. ಒಂದು ಪುಟ್ಟ ಪದದ ಕಥೆಯಿದೆ, ಅಷ್ಟೆ. ಆ ಪದ ‘ಕ್ಯಾನಿ’. ಎರಡಕ್ಷರದ ಈ ಸ್ಕಾಟ್ಸ್ ಮಾತು ನನ್ನನ್ನು ಒಮ್ಮೆ ನಗಿಸಿದೆ, ಒಮ್ಮೆ ಬೆವರಿಳಿಸಿದೆ. ಅದರ ಅರ್ಥ ನನಗೆ ಗೊತ್ತು ಎಂದು ನಾನು ಮೂರು ಬಾರಿ ತಿಳಿದುಕೊಂಡಿದ್ದೆ. ಮೂರು ಬಾರಿಯೂ ಊರು ಬದಲಾದ ಕೂಡಲೇ ಅರ್ಥವೂ ಬದಲಾಗಿತ್ತು.

ಎಂ.ಬಿ.ಬಿ.ಎಸ್. ಮುಗಿಸಿ ಬಂದ ನನಗೆ ಮೊದಲ ಕೆಲಸ ಸಿಕ್ಕಿದ್ದು ಗ್ಲಾಸ್ಗೋ ನಗರದ ಹೊರವಲಯದಲ್ಲಿ. ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷ್ ಮತ್ತು ಗೇಲಿಕ್ ಅಲ್ಲದೆ ಸ್ಕಾಟ್ಸ್ ಎಂಬ ಮೂರನೆಯ ನುಡಿಯೊಂದಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಗೇಲಿಕ್ ಬೇರೆಯೇ ಕುಲದ್ದು. ಸ್ಕಾಟ್ಸ್ ಇಂಗ್ಲಿಷಿನ ಬಳಗದ್ದು, ಆದರೆ ಅದರ ಮಗಳಲ್ಲ, ತಂಗಿ. 2011ರ ಜನಗಣತಿಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ತಾವು ಸ್ಕಾಟ್ಸ್ ಆಡುವವರೆಂದು ಬರೆಸಿದರು. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗೇಲಿಕ್ ಜೊತೆಗೆ ಅದಕ್ಕೂ ಅಧಿಕೃತ ಸ್ಥಾನ ಕೊಡುವ ಕಾಯಿದೆಯನ್ನು ಅಂಗೀಕರಿಸಿತು. ನಾನು ಬಂದ ಕಾಲದಲ್ಲಿ ಮಾತ್ರ, ಅದನ್ನಾಡುವವರಲ್ಲೇ ಹಲವರು ಅದೊಂದು ಕೆಟ್ಟ ಇಂಗ್ಲಿಷ್ ಎಂದು ನಂಬಿದ್ದರು. ಶಾಲೆಯಲ್ಲಿ ಆ ಮಾತಾಡಿ ಪೆಟ್ಟು ತಿಂದ ನೆನಪನ್ನು ನನ್ನ ವಯಸ್ಸಾದ ರೋಗಿಗಳು ನಗುತ್ತಲೇ ಹೇಳುತ್ತಿದ್ದರು.

ಮೊದಲ ಚಳಿಗಾಲದ ಒಂದು ಬೆಳಿಗ್ಗೆ, ರಸ್ತೆಯೆಲ್ಲ ಹಿಮಗಟ್ಟಿ ಗಾಜಿನಂತಾಗಿದ್ದಾಗ, ಬಸ್ ನಿಲ್ದಾಣದ ಕಡೆಗೆ ಧಾವಿಸುತ್ತಿದ್ದ ನನ್ನನ್ನು ನೋಡಿ ಮುದುಕಿಯೊಬ್ಬಳು “ಕಾ ಕ್ಯಾನಿ, ಸನ್” ಎಂದಳು. ‘ಕಾ’ ಎಂದರೆ ದನವನ್ನೋ ಗಾಡಿಯನ್ನೋ ಹೊಡೆಯುವುದು. ‘ನಿಧಾನಕ್ಕೆ ಹೊಡಿ ಮಗಾ’ ಎಂದು ನಮ್ಮ ಊರಿನ ಗಾಡಿಯವನಿಗೆ ಹೇಳಿದ ಹಾಗೆ. ಅಂದು ಸಂಜೆ ನಿಘಂಟು ತೆಗೆದು ನೋಡಿದೆ. ಕ್ಯಾನಿ: ಜಾಗರೂಕತೆಯುಳ್ಳ, ಚತುರ, ಮಿತವ್ಯಯಿ. ‘ಕ್ಯಾನಿ ಸ್ಕಾಟ್’ ಎಂದು ಇಂಗ್ಲಿಷ್ ಪತ್ರಿಕೆಗಳು ಬರೆಯುವುದು ಈ ಕೊನೆಯ ಅರ್ಥದಲ್ಲಿ. ಕಾಸು ಬಿಚ್ಚದ ಆಸಾಮಿ ಎಂಬ ಕೊಂಕು ಅದರಲ್ಲಿದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಕೆಳಗೊಂದು ಗೆರೆಯನ್ನೂ ಎಳೆದೆ. ಗೆರೆ ಎಳೆದದ್ದು ಅವಸರವಾಯಿತು.

ಪದದ ಹುಟ್ಟನ್ನು ಹುಡುಕಿದರೆ ಕನ್ನಡಿಗರಿಗೆ ಖುಷಿಯಾಗುವ ಸಂಗತಿಯೊಂದು ಸಿಗುತ್ತದೆ. ಕ್ಯಾನಿಯ ಬೇರು ‘ಕ್ಯಾನ್’. ಇಂದಿನ ಇಂಗ್ಲಿಷಿನಲ್ಲಿ ಅದು ಸಾಧ್ಯತೆಯನ್ನು ಸೂಚಿಸುವ ಸಹಾಯಕ ಕ್ರಿಯಾಪದ ಮಾತ್ರ. ಆದರೆ ಅದರ ಹಳೆಯ ಅರ್ಥ ‘ತಿಳಿದಿರು’ ಎಂದು. ತಿಳಿದವನು ಮಾಡಲು ಶಕ್ತ. ಹಾಗಾಗಿ ತಿಳಿವಿನ ಮಾತು ಶಕ್ತಿಯ ಮಾತಾಯಿತು. ನಮ್ಮ ‘ಬಲ್ಲ’ ಕೂಡ ಇದೇ ಹಾದಿಯಲ್ಲಿ ನಡೆದಿದೆಯಲ್ಲವೇ? ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬಲ್ಲಿ ಬಲ್ಲವನು ತಿಳಿದವನು; ‘ಅವನು ಈಜಬಲ್ಲ’ ಎಂಬಲ್ಲಿ ಶಕ್ತನು. ಹಾಗೆ ನೋಡಿದರೆ ಕ್ಯಾನಿ ಎಂದರೆ ‘ಬಲ್ಲವ’. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಇಂಗ್ಲಿಷಿನ ‘ಕ್ಯಾನ್’ ಮತ್ತು ‘ನೋ’, ಸ್ಕಾಟ್ಸಿನ ‘ಕೆನ್’, ಸಂಸ್ಕೃತದ ‘ಜ್ಞಾ’ ಇವೆಲ್ಲವೂ ಒಂದೇ ಮೂಲದವು. ಆ ‘ಜ್ಞಾ’ದಿಂದ ಪ್ರಾಕೃತದ ಮೂಲಕ ಬಂದದ್ದು ನಮ್ಮ ‘ಜಾಣ’. ಗ್ಲಾಸ್ಗೋದ ಮುದುಕಿ ನನಗೆ ಹೇಳಿದ ಪದವೂ, ನನ್ನಜ್ಜಿ ಬೆನ್ನು ತಟ್ಟಿ ಹೇಳುತ್ತಿದ್ದ ಪದವೂ ದೂರದ ದಾಯಾದಿಗಳು ಎಂದು ತಿಳಿದಾಗ ಆ ಊರಿನ ಚಳಿ ಒಂದಿಷ್ಟು ಕಡಿಮೆಯಾದಂತೆ ಅನ್ನಿಸಿತು.

ಸ್ಕಾಟ್ಸ್ ಭಾಷೆಗೆ ಮೊದಲ ದೊಡ್ಡ ನಿಘಂಟನ್ನು 1808ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟಿಸಿದವರು ಜಾನ್ ಜೇಮಿಸನ್ ಎಂಬ ಪಾದ್ರಿ. (ನಮ್ಮ ಕಿಟೆಲ್ ಕೂಡ ಪಾದ್ರಿಯೇ, ಜನರ ಮಾತಿಗೆ ಕಿವಿಗೊಡುವ ಪುರುಸೊತ್ತು ಆ ವೃತ್ತಿಯಲ್ಲಿ ಇದ್ದಿರಬೇಕು, ನಮ್ಮದರಲ್ಲಿ ಇಲ್ಲ.) ಆ ಪಾದ್ರಿ ಕ್ಯಾನಿ ಎಂಬ ಒಂದೇ ಪದಕ್ಕೆ ಹತ್ತಕ್ಕೂ ಮಿಕ್ಕಿ ಅರ್ಥಗಳನ್ನು ಕೊಟ್ಟಿದ್ದಾರೆ. ಎಚ್ಚರ, ಉಪಾಯ, ಮಿತವ್ಯಯ ಇವೆಲ್ಲ ನಾನು ಬರೆದುಕೊಂಡಿದ್ದವೇ. ಆದರೆ ಮುಂದಕ್ಕೆ ಓದಿದಂತೆ ವೈದ್ಯನಾದವನು ಕುರ್ಚಿಯಲ್ಲಿ ನೆಟ್ಟಗೆ ಕೂರುವಂತಾಗುತ್ತದೆ. ಗಾಯವನ್ನು ನೋಯಿಸದೆ ಮುಟ್ಟುವ ಕೈ ಕ್ಯಾನಿ. ಹೆರಿಗೆ ಮಾಡಿಸುವ ಹೆಂಗಸು ‘ಕ್ಯಾನಿ ವೈಫ್’. ಇಲ್ಲಿ ವೈಫ್ ಎಂದರೆ ಹೆಂಡತಿಯಲ್ಲ, ಹೆಂಗಸು. ಮಗು ಹುಟ್ಟುವ ಗಳಿಗೆ ‘ಕ್ಯಾನಿ ಮೊಮೆಂಟ್’. ವಾಲ್ಟರ್ ಸ್ಕಾಟ್‌ನ 1815ರ ‘ಗೈ ಮ್ಯಾನರಿಂಗ್’ ಕಾದಂಬರಿ ಒಂದು ಹೆರಿಗೆಯ ರಾತ್ರಿಯಿಂದ ಆರಂಭವಾಗುತ್ತದೆ. ಅಲ್ಲಿ ಈ ನುಡಿಗಟ್ಟು ಬರುತ್ತದೆ.

ಬಲ್ಲ ಹೆಂಗಸು, ಶುಭ ಗಳಿಗೆ. ನಮ್ಮ ‘ಸೂಲಗಿತ್ತಿ’ಯನ್ನು ನೆನೆಯದೆ ಇದನ್ನು ಓದುವುದು ಸಾಧ್ಯವೇ? ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಗೆ ಹೋದವರಲ್ಲ. ಹದಿನೈದು ಸಾವಿರದಷ್ಟು ಹೆರಿಗೆ ಮಾಡಿಸಿದ ಆ ಕೈಗಳಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಸ್ಕಾಟ್ಲೆಂಡಿನ ಹಳ್ಳಿಯಲ್ಲಿ ಹುಟ್ಟಿದ್ದರೆ ಅವರಿಗೆ ‘ಕ್ಯಾನಿ ವೈಫ್’ ಎಂಬ ಹೆಸರು ತಾನಾಗಿಯೇ ಬರುತ್ತಿತ್ತು.

ಬಲ್ಲವರ ಬಗ್ಗೆ ಜನರಿಗೆ ಗೌರವದ ಜೊತೆಗೆ ಒಂದು ಭಯವೂ ಇರುತ್ತದೆ. ಗಿಡಮೂಲಿಕೆ ಬಲ್ಲವಳು ಮಾಟವನ್ನೂ ಬಲ್ಲವಳಿರಬಹುದು. ಹಾಗಾಗಿ ಕ್ಯಾನಿಗೆ ಮಂತ್ರಶಕ್ತಿಯುಳ್ಳ ಎಂಬ ಅರ್ಥವೂ ಸೇರಿಕೊಂಡಿತು. ಅದರ ವಿರುದ್ಧಪದ ‘ಅನ್‌ಕ್ಯಾನಿ’ ಮೊದಲಿಗೆ ಅಪಾಯಕಾರಿ, ಗ್ರಹಚಾರದ್ದು ಎಂದಾಗಿದ್ದು, ಕೊನೆಗೆ ಗಡಿ ದಾಟಿ ಇಂಗ್ಲಿಷಿನ ಒಳಗೆ ಹೋಗಿ, ವಿವರಿಸಲಾಗದ ವಿಲಕ್ಷಣ ಭೀತಿಯ ಹೆಸರಾಯಿತು. ಫ್ರಾಯ್ಡ್ 1919ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರ ಶೀರ್ಷಿಕೆಗೆ ಇಂಗ್ಲಿಷ್ ಅನುವಾದಕರು ಆರಿಸಿಕೊಂಡದ್ದು ಇದೇ ಸ್ಕಾಟ್ಸ್ ಪದವನ್ನು. ಮನೋವೈದ್ಯ ಮಿತ್ರರಿಗೆ ಆ ಪ್ರಬಂಧ ಗೊತ್ತಿರುತ್ತದೆ. ಅದರ ಹೆಸರಿನೊಳಗೆ ಒಬ್ಬ ಸೂಲಗಿತ್ತಿ ಕುಳಿತಿದ್ದಾಳೆ ಎಂಬುದು ಗೊತ್ತಿರಲಾರದು.

ಒಂದೇ ಮಾತು ಆಡುವವನ ಬಾಯಲ್ಲಿ ಒಂದು, ಕೇಳುವವನ ಕಿವಿಯಲ್ಲಿ ಇನ್ನೊಂದು ಆಗುವುದಕ್ಕೆ ‘ಕಾ ಕ್ಯಾನಿ’ಯ ಇನ್ನೊಂದು ಚರಿತ್ರೆಯೇ ಸಾಕ್ಷಿ. 1889ರಲ್ಲಿ ಗ್ಲಾಸ್ಗೋ ಬಂದರಿನ ಹಮಾಲರು ಕೂಲಿ ಹೆಚ್ಚಿಸಬೇಕೆಂದು ಮುಷ್ಕರ ಹೂಡಿದರು. ಮಾಲೀಕರು ಹೊಲಗಳಿಂದ ಕೃಷಿಕಾರ್ಮಿಕರನ್ನು ಕರೆತಂದರು, ಮುಷ್ಕರ ಮುರಿಯಿತು. ಈ ಕಥೆಯನ್ನು ಮುಂದೆ ಫ್ರಾನ್ಸಿನ ಕಾರ್ಮಿಕರಿಗೆ ಹೇಳಿದವನು ಎಮಿಲ್ ಪೂಜೆ. ಅವನ ಪ್ರಕಾರ ಹಮಾಲರು ಕೆಲಸಕ್ಕೆ ಮರಳುವಾಗ ತಮ್ಮಲ್ಲಿ ಮಾಡಿಕೊಂಡ ನಿರ್ಧಾರ ಸರಳವಾದದ್ದು: ಆ ಹೊಲದವರಿಗೆ ಹಡಗಿನ ಕೆಲಸವೇ ಬರುತ್ತಿರಲಿಲ್ಲ, ಆದರೂ ಮಾಲೀಕರು ಅವರನ್ನು ಹೊಗಳಿ ಹಣ ಕೊಟ್ಟರು, ನಾವೂ ಅವರಷ್ಟೇ ಕೆಲಸ ಮಾಡೋಣ. ಕೆಲವೇ ದಿನಗಳಲ್ಲಿ ಮಾಲೀಕರು ದಾರಿಗೆ ಬಂದರಂತೆ. ಅಂದಿನಿಂದ ‘ಕಾ ಕ್ಯಾನಿ’ ಎಂದರೆ ಕಾರ್ಮಿಕನಿಗೆ ‘ಕೊಟ್ಟ ಕೂಲಿಗೆ ತಕ್ಕಷ್ಟೇ ದುಡಿ’ ಎಂಬ ನ್ಯಾಯ. ಮಾಲೀಕನಿಗೆ ಕಳ್ಳಬೀಳುವ ಸೋಮಾರಿಗಳ ಘೋಷಣೆ. ಹಿಮದ ರಸ್ತೆಯಲ್ಲಿ ನನ್ನನ್ನು ಎಚ್ಚರಿಸಿದ ಮುದುಕಿಗೆ ಇದು ಯಾವುದೂ ಅಲ್ಲ.

ಇಷ್ಟೆಲ್ಲ ಪುಸ್ತಕದ ಮಾತಾಯಿತು. ವಾರ್ಡಿನಲ್ಲಿ ನನಗೆ ಎದುರಾದದ್ದು ಇವೆಲ್ಲವನ್ನೂ ಮೀರಿದ ಗೊಂದಲ. ಗ್ಲಾಸ್ಗೋದಲ್ಲಿ ‘ಆಗುವುದಿಲ್ಲ, ಆಗದು’ ಎಂಬುದಕ್ಕೆ ಹೇಳುವ ‘ಕ್ಯಾನೆ’ ಎಂಬ ಪದವೂ ಜನರ ಬಾಯಲ್ಲಿ ‘ಕ್ಯಾನಿ’ ಎಂದೇ ಆಗುತ್ತದೆ. ‘ಆ ಕ್ಯಾನಿ ಸ್ಲೀಪ್’ ಎಂದರೆ ನನಗೆ ನಿದ್ದೆ ಬರುವುದಿಲ್ಲ ಎಂದರ್ಥ. ವ್ಯಾಕರಣದ ದೃಷ್ಟಿಯಿಂದ ಇವೆರಡೂ ಬೇರೆ ಬೇರೆ. ಒಂದರಲ್ಲಿ ‘ಕ್ಯಾನ್’ ಗುಣವಾಚಕವಾಗಿದೆ, ಇನ್ನೊಂದರಲ್ಲಿ ನಿಷೇಧವಾಗಿದೆ. ಆದರೆ ರಾತ್ರಿ ಎರಡು ಗಂಟೆಗೆ ರೋಗಿಯ ಪಕ್ಕದಲ್ಲಿ ನಿಂತವನಿಗೆ ವ್ಯಾಕರಣ ಕೇಳಿಸುವುದಿಲ್ಲ, ಸದ್ದು ಕೇಳಿಸುತ್ತದೆ. ಎರಡನೆಯ ಬಾರಿಗೆ ಟಿಪ್ಪಣಿ ಪುಸ್ತಕ ತೆರೆದು ತಿದ್ದಿಕೊಂಡೆ.

ಎರಡು ವರ್ಷಗಳ ನಂತರ ಕೆಲಸ ಬದಲಾಯಿಸಿ ಗಡಿಯ ಈಚೆಗೆ, ನ್ಯೂಕಾಸಲ್ ಸೀಮೆಗೆ ಬಂದೆ. ಎಡಿನ್‌ಬರೋದಿಂದ ರೈಲಿನಲ್ಲಿ ಒಂದೂವರೆ ಗಂಟೆ. ಇನ್ನು ಇಂಗ್ಲೆಂಡಿನ ಮಾತು, ಕಷ್ಟವಿಲ್ಲ ಎಂದುಕೊಂಡಿದ್ದೆ. ಗಡಿ ಎಂಬುದು ರಾಜರಿಗೆ ಮತ್ತು ನಕಾಶೆಗೆ ಸಂಬಂಧಿಸಿದ್ದು, ಮಾತಿಗಲ್ಲ. ಏಳನೆಯ ಶತಮಾನದಲ್ಲಿ ಹಂಬರ್ ನದಿಯಿಂದ ಫೋರ್ತ್ ಕೊಲ್ಲಿಯವರೆಗೆ, ಅಂದರೆ ಇಂದಿನ ಎಡಿನ್‌ಬರೋದವರೆಗೆ, ನಾರ್ತಂಬ್ರಿಯ ಎಂಬ ಒಂದೇ ರಾಜ್ಯ ಹಬ್ಬಿತ್ತು. ಸ್ಕಾಟ್ಸ್ ಮತ್ತು ಇಂಗ್ಲೆಂಡಿನ ಈಶಾನ್ಯ ಮೂಲೆಯ ನುಡಿ ಎರಡೂ ಆ ರಾಜ್ಯದ ಜನ ಆಡುತ್ತಿದ್ದ ಮಾತಿನಿಂದ ಬಂದವು. ಬೆಳಗಾವಿ, ಸೊಲ್ಲಾಪುರ, ಕಾಸರಗೋಡುಗಳನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನ್ಯೂಕಾಸಲ್‌ನ ಕ್ಯಾನಿ ಎಚ್ಚರದ ಮಾತಲ್ಲ, ಕಾಸಿನ ಮಾತೂ ಅಲ್ಲ. ಅದು ಅಕ್ಕರೆಯ ಮಾತು. ಕ್ಯಾನಿ ಹುಡುಗ ಎಂದರೆ ಒಳ್ಳೆಯ ಹುಡುಗ. ಕ್ಯಾನಿ ಮನೆ ಎಂದರೆ ಚೊಕ್ಕವಾದ, ಹಿತವಾದ ಮನೆ. ‘ಹೇಗಿದ್ದೀರಿ?’ ಎಂದರೆ ‘ಕ್ಯಾನಿ’, ಅಂದರೆ ಚೆನ್ನಾಗಿದ್ದೇನೆ. ಇಲ್ಲಿ ‘ಕ್ಯಾನಿ ಸ್ಲೀಪ್’ ಆಯಿತು ಎಂದರೆ ಸೊಗಸಾದ ನಿದ್ದೆ. ಗ್ಲಾಸ್ಗೋದಲ್ಲಿ ನಿದ್ರೆ ಮಾತ್ರೆ ಬರೆಸಿದ ಸದ್ದು ಇಲ್ಲಿ ಮಾತ್ರೆ ನಿಲ್ಲಿಸುವ ಸದ್ದು. ಇದನ್ನು ನಾನು ಮನೆಯಲ್ಲಿ ಹೇಳಿ ನಕ್ಕಿದ್ದೂ ಉಂಟು.

ಆದರೆ ಈ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಉಪಯೋಗವಿತ್ತು. ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇನ್ನೊಂದು ಗುಣವಾಚಕದ ಹಿಂದೆ ಬಂದಾಗ ಕ್ಯಾನಿ ಎಂದರೆ ‘ಸಾಕಷ್ಟು, ಚೆನ್ನಾಗಿಯೇ’. ಕ್ಯಾನಿ ದೂರ ಎಂದರೆ ಬಹಳ ದೂರ. ಕ್ಯಾನಿ ಚಳಿ ಎಂದರೆ ಒಳ್ಳೆಯ ಚಳಿ, ‘ಚೆನ್ನಾಗಿ ಬಾರಿಸಿದ’ ಎಂದು ನಾವು ಹೇಳುವಾಗಿನ ‘ಚೆನ್ನಾಗಿ’ಯ ಹಾಗೆ.

ಎಪ್ಪತ್ತು ದಾಟಿದ ಒಬ್ಬರು ಹೊಟ್ಟೆನೋವೆಂದು ಸಂಜೆ ದಾಖಲಾದರು. ಮೂವತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ನಾರ್ತಂಬರ್ಲ್ಯಾಂಡಿನ ಕೊನೆಯ ಆಳದ ಗಣಿ, ಎಲ್ಲಿಂಗ್ಟನ್, 2005ರಲ್ಲಿ ಮುಚ್ಚಿತು. ಗಣಿಗಳು ಹೋದರೂ ಗಣಿಯವರ ಮಾತು ಆ ಹಳ್ಳಿಗಳಲ್ಲಿ ಉಳಿದಿದೆ. ಅದಕ್ಕೆ ‘ಪಿಟ್‌ಮ್ಯಾಟಿಕ್’ ಎಂದು ಬೇರೆ ಹೆಸರೇ ಇದೆ. ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಹೊಟ್ಟೆಯನ್ನು ಒತ್ತಿ ನೋಡಿದೆ, ಮೆತ್ತಗಿತ್ತು. ಜ್ವರ ತೀರ ಕಡಿಮೆ. ನೋವು ಹೇಗಿದೆ ಎಂದು ಕೇಳಿದೆ. “ಕ್ಯಾನಿ ಸೋರ್” ಎಂದು ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ನನ್ನ ತಲೆಯಲ್ಲಿ ಎರಡು ಊರುಗಳ ಕ್ಯಾನಿಗಳಿದ್ದವು: ಮೃದುವಾದದ್ದು, ಹಿತವಾದದ್ದು. ಎರಡೂ ಸೇರಿ ‘ಅಲ್ಪ ನೋವು’ ಎಂದಾಯಿತು. ಹಾಗೆಂದೇ ಬರೆದೆ. ಪ್ಯಾರಸಿಟಮಾಲ್ ಕೊಡಿ, ಬೆಳಿಗ್ಗೆ ನೋಡೋಣ ಎಂದು ಸಹಿ ಹಾಕಿದೆ.

ರಾತ್ರಿ ಹತ್ತರ ಸುಮಾರಿಗೆ ದಾದಿಯೊಬ್ಬರು ಫೋನ್ ಮಾಡಿದರು. ಅದೇ ಗಣಿ ಹಳ್ಳಿಗಳ ಕಡೆಯವರು. “ಡಾಕ್ಟರ್, ಅವರು ನಿಮಗೆ ಏನು ಹೇಳಿದರು? ಅವರು ಆಡಿದ ಮಾತನ್ನೇ ಹೇಳಿ” ಎಂದರು. ಹೇಳಿದೆ. ಕ್ಷಣಕಾಲ ಸುಮ್ಮನಿದ್ದು, “ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲ. ನೀವು ಈಗಲೇ ಬರಬೇಕು” ಎಂದರು. ಹೋದಾಗ ಅವರ ಮೈ ಬೆವರಿನಲ್ಲಿ ತೊಯ್ದಿತ್ತು, ನಾಡಿ ಓಡುತ್ತಿತ್ತು. ಸ್ಕ್ಯಾನ್ ಆಯಿತು, ಶಸ್ತ್ರಚಿಕಿತ್ಸಕರು ಬಂದರು. ಪಿತ್ತಕೋಶ ಕೊಳೆತು ಕಪ್ಪಾಗಿತ್ತು. ಬೆಳಗಾಗುವುದರೊಳಗೆ ಅದನ್ನು ತೆಗೆದರು. ಅವರು ಬದುಕಿದರು, ಎರಡು ವಾರ ಹಾಸಿಗೆಯಲ್ಲಿ ಉಳಿದರು. ಆ ಐದು ಗಂಟೆ ಉಳಿಸಿದ್ದರೆ ಎರಡು ವಾರ ಬೇಕಾಗುತ್ತಿರಲಿಲ್ಲವೇನೋ.

ಪದದ ಮೇಲೆ ತಪ್ಪು ಹೊರಿಸಿ ನಾನು ಪಾರಾಗುವಂತಿಲ್ಲ. ವಯಸ್ಸಾದ ಮಧುಮೇಹಿಗಳಲ್ಲಿ ಹೊಟ್ಟೆ ಮೆತ್ತಗಿದ್ದೂ ಒಳಗೆ ಬೆಂಕಿಯಿರಬಹುದು ಎಂಬುದು ಯಾವ ಪಠ್ಯದಲ್ಲಾದರೂ ಇರುವ ಮಾತು. ನಾನು ಅದನ್ನು ಓದಿದ್ದೆ. ಆದರೆ ಆ ಸಂಜೆ ನನ್ನನ್ನು ನೆಮ್ಮದಿಯಿಂದ ಮನೆಗೆ ಕಳುಹಿಸಿದ್ದು ಆ ಎರಡಕ್ಷರ. ಅರ್ಥವಾಗದ ಪದವಾಗಿದ್ದರೆ ನಾನು ಖಂಡಿತ ಕೇಳುತ್ತಿದ್ದೆ. ಅರ್ಥವಾಗಿದೆ ಎಂದು ತಿಳಿದದ್ದರಿಂದ ಕೇಳಲಿಲ್ಲ. ನನ್ನ ತರುಣ ಮಿತ್ರರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಗೊತ್ತಿಲ್ಲದ ಹಳ್ಳಿಮಾತು ನಮ್ಮನ್ನು ಕೆಡವುವುದಿಲ್ಲ. ಅದು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಕೆಡವುವುದು ನಮಗೆ ಗೊತ್ತಿರುವ ಇಂಗ್ಲಿಷಿನಂತೆಯೇ ಕೇಳಿಸುವ ಮಾತು.

“ಸರಿಯಾದ ಇಂಗ್ಲಿಷಿನಲ್ಲಿ ಮಾತನಾಡಲಿ” ಎಂಬ ಬೇಡಿಕೆ ಹೊಸದೇನಲ್ಲ. ಅದನ್ನು ಸ್ಕಾಟ್ಲೆಂಡಿನವರ ಮುಂದೆ ಸ್ಕಾಟ್ಲೆಂಡಿನವರೇ ಇಟ್ಟಿದ್ದರು. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1752ರಲ್ಲಿ, ಬರವಣಿಗೆಯಲ್ಲಿ ನುಸುಳಬಾರದ ಸ್ಕಾಟ್ಸ್ ಪ್ರಯೋಗಗಳ ಪಟ್ಟಿಯನ್ನೇ ಅಚ್ಚುಹಾಕಿಸಿದ. 1761ರಲ್ಲಿ ಥಾಮಸ್ ಷೆರಿಡನ್ ಎಂಬ ನಟ ಎಡಿನ್‌ಬರೋಗೆ ಬಂದು ಶುದ್ಧ ಇಂಗ್ಲಿಷ್ ಉಚ್ಚಾರಣೆಯ ಮೇಲೆ ಉಪನ್ಯಾಸ ಮಾಲೆ ನಡೆಸಿದಾಗ ಊರಿನ ಗಣ್ಯರೆಲ್ಲ ಹೋಗಿ ಕುಳಿತರು. ಷೆರಿಡನ್ ಐರ್ಲೆಂಡಿನವನು ಎಂಬುದು ಈ ಪ್ರಸಂಗದ ಸ್ವಾರಸ್ಯ. ಅಷ್ಟೆಲ್ಲ ಪಾಠವಾದರೂ ಕ್ಯಾನಿ ಎಲ್ಲಿಗೂ ಹೋಗಲಿಲ್ಲ. ಏಕೆಂದರೆ ಉಪನ್ಯಾಸ ಕೇಳಿದವನು ಮನೆಗೆ ಹೋಗಿ, ಎಡವಿ ಬಿದ್ದಾಗ, ಮಗುವಿಗೆ ಜ್ವರ ಬಂದಾಗ ಆಡುವುದು ತಾಯಿಯಿಂದ ಕಲಿತ ಮಾತನ್ನು. ಆಸ್ಪತ್ರೆಗೆ ಬರುವವರೆಲ್ಲ ಅಂಥ ಗಳಿಗೆಯಲ್ಲೇ ಬರುವವರು. ಅರವತ್ತು ವರ್ಷಗಳಿಂದ ಶುದ್ಧ ಇಂಗ್ಲಿಷ್ ಆಡಿದ ನಿವೃತ್ತ ಶಿಕ್ಷಕಿಯೊಬ್ಬರು ಪಾರ್ಶ್ವವಾಯು ಬಡಿದ ಮೇಲೆ ಬಾಲ್ಯದ ಸ್ಕಾಟ್ಸ್ ಮಾತನ್ನಷ್ಟೇ ಆಡಿದ್ದನ್ನು ನಾನು ಕಂಡಿದ್ದೇನೆ. ಅವರ ಮಗನಿಗೂ ಅದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ.

ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದು ಹೇಳಿ ಎಂದು ಕೇಳಿದರೆ ಈ ತೊಂದರೆಯಿಲ್ಲ ಎಂದು ವಾದಿಸುವವರಿದ್ದಾರೆ. ಕೇಳಬೇಕು, ನಾನೂ ಕೇಳುತ್ತೇನೆ. ಆದರೆ ಗಣಿಯ ಮನುಷ್ಯ ‘ನಾಲ್ಕು’ ಎಂದರೆ ಆ ನಾಲ್ಕು ಕೂಡ ಅವನ ಊರಿನ ನಾಲ್ಕೇ. ಸಂಖ್ಯೆಗೂ ಒಂದು ಪ್ರಾದೇಶಿಕ ಉಚ್ಚಾರಣೆಯಿದೆ.

ಮೂವತ್ತು ವರ್ಷಗಳ ದುಡಿಮೆಯ ಆ ಹಿರಿಯರು ಮನೆಗೆ ಹೊರಡುವ ದಿನ ನಾನು ಕ್ಷಮೆ ಕೇಳಲು ಹೋದೆ. ಬರೆದದ್ದನ್ನೂ, ತಪ್ಪು ತಿಳಿದದ್ದನ್ನೂ ಹೇಳಿದೆ. ಅವರು ದೊಡ್ಡದಾಗಿ ನಕ್ಕು, ಹೊಲಿಗೆ ಎಳೆದದ್ದಕ್ಕೆ ಮುಖ ಹಿಂಡಿ, ಕೋಟು ತೊಟ್ಟು, ಹೊರಡುವಾಗ “ಗ್ಯಾನ್ ಕ್ಯಾನಿ, ಬಾನಿ ಲ್ಯಾಡ್” ಎಂದರು. ಈ ಬಾರಿ ಅರ್ಥವನ್ನು ಕೇಳಿಯೇ ತಿಳಿದುಕೊಂಡೆ. ಹುಷಾರಾಗಿ ಹೋಗಪ್ಪ, ಎಂದು.

‘ಹುಷಾರು’ ಎಂಬ ಅನುವಾದ ನನ್ನ ಮನಸ್ಸಿಗೆ ತಾನಾಗಿ ಬಂತು. ಬಂದ ಮೇಲೆ ಬೆರಗಾಯಿತು. ಪಾರಸಿಯ ‘ಹೋಷ್’, ಅಂದರೆ ಪ್ರಜ್ಞೆ, ಅದರಿಂದ ಹುಟ್ಟಿ ನಮ್ಮಲ್ಲಿ ನೆಲೆಸಿದ ಈ ಪದವೂ ಕ್ಯಾನಿಯ ಹಾಗೆಯೇ ಹರಡಿಕೊಂಡಿದೆ. ‘ಹುಷಾರು ಹುಡುಗ’ ಎಂದರೆ ಚುರುಕು. ‘ಹುಷಾರು, ಮೆಟ್ಟಿಲಿದೆ’ ಎಂದರೆ ಎಚ್ಚರ. ‘ಹುಷಾರಿಲ್ಲ’ ಎಂದರೆ ಕಾಯಿಲೆ. ಪರಭಾಷೆಯ ವೈದ್ಯನೊಬ್ಬ ನಿಘಂಟು ಹಿಡಿದು ಬಂದರೆ ‘ನಮ್ಮ ಮಗ ಹುಷಾರಿಲ್ಲ’ ಎಂಬುದನ್ನು ಮಗನಿಗೆ ಬುದ್ಧಿ ಸಾಲದು ಎಂದು ಬರೆದುಕೊಳ್ಳುವುದು ಖಚಿತ. ಅದೂ ಮೈಸೂರಿನ ಕಡೆಯ ಮಾತಾಯಿತು. ಧಾರವಾಡದ ಕಡೆ ಕಾಯಿಲೆಯವರಿಗೆ ‘ಆರಾಮ ಇಲ್ಲ’. ಮಂಗಳೂರಿನ ಕಡೆ ‘ಸೌಖ್ಯ ಇಲ್ಲ’.

ನಾನು ಹಾಸನದ ಕಡೆಯವನು, ಹೌಸ್ ಸರ್ಜನ್ ಆಗಿದ್ದದ್ದು ಹುಬ್ಬಳ್ಳಿಯಲ್ಲಿ. ಮೊದಲ ವಾರವೇ ತಾಯಿಯೊಬ್ಬಳು ಮಗುವನ್ನು ಮುಂದಿಟ್ಟು “ಹುಡುಗಗ ಜಡ್ಡಾಗೇತ್ರೀ” ಎಂದಳು. ನಮ್ಮ ಕಡೆ ಜಡ್ಡು ಎಂದರೆ ಕೈಗೆ ಕಟ್ಟುವ ಗಟ್ಟಿ ಚರ್ಮ, ಇಲ್ಲವೇ ಮೈಗಳ್ಳತನ. ನಾನು ಮಗುವಿನ ಅಂಗೈ ತಿರುಗಿಸಿ ತಿರುಗಿಸಿ ನೋಡಿದೆ. ಜಡ್ಡು ಎಂದರೆ ಅಲ್ಲಿ ರೋಗ. ಮಗುವಿಗೆ ನ್ಯುಮೋನಿಯ ಆಗಿತ್ತು. ಆ ತಾಯಿ ಕೆಟ್ಟ ಕನ್ನಡ ಆಡಿದಳೆಂದು ಆಗ ನನಗೆ ಅನ್ನಿಸಿತ್ತೇ? ನೆನಪು ಮಾಡಿಕೊಂಡರೆ, ಹೌದು, ಅನ್ನಿಸಿತ್ತು.

ಇದನ್ನು ಬರೆಯುವಾಗ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಕಳೆದ ರಾಜ್ಯೋತ್ಸವದ ಮಕ್ಕಳ ಭಾಷಣ ಸ್ಪರ್ಧೆಗೆ ನಾನೂ ಒಬ್ಬ ತೀರ್ಪುಗಾರನಾಗಿದ್ದೆ. ಹತ್ತು ವರ್ಷದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಬಗ್ಗೆ ನಾಲ್ಕು ನಿಮಿಷ ತಡವರಿಸದೆ ಮಾತನಾಡಿದಳು. ಈ ದೇಶದಲ್ಲಿ ಹುಟ್ಟಿದ ಮಗು. ನಡುವೆ ‘ಅಜ್ಜಿಗೆ ಜಡ್ಡಾಗಿತ್ತು’ ಎಂದಳು, ‘ಹೋಗೂಣು’ ಎಂದಳು. ಭಾಷಾಶುದ್ಧಿ ಎಂಬ ಅಂಕಣದಲ್ಲಿ ಅವಳಿಗೆ ಎರಡು ಅಂಕ ಕಡಿಮೆಯಾಯಿತು, ಬಹುಮಾನ ತಪ್ಪಿತು. ಜಡ್ಡು ಎಂದರೇನೆಂದು ಆ ಮೇಜಿನಲ್ಲಿ ಚೆನ್ನಾಗಿ ಬಲ್ಲವನು ನಾನೊಬ್ಬನೇ. ಆದರೂ ಅಂಕಪಟ್ಟಿಗೆ ಸಹಿ ಹಾಕಿದೆ. ಯುಗಾದಿ ಪಂಕ್ತಿಯ ಆ ತರುಣರನ್ನು ಟೀಕಿಸುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು ಎನ್ನಿಸಿತು. ಬರುವ ನವೆಂಬರಿಗೆ ಅಂಕಪಟ್ಟಿಯಿಂದ ಆ ಅಂಕಣವನ್ನು ತೆಗೆಯಬೇಕೆಂದು ಸಮಿತಿಗೆ ಪತ್ರ ಬರೆದಿದ್ದೇನೆ. ವಿರೋಧವಿರುವವರು ದಯವಿಟ್ಟು ಮುಂದಿನ ಸಭೆಗೆ ಬಂದು ಹೇಳಲಿ, ವಾಟ್ಸ್ಆ್ಯಪಿನಲ್ಲಿ ಬೇಡ.

ವೈದ್ಯಕೀಯದ ವಿಷಯಕ್ಕೆ ಬಂದರೆ, ಹೊಸದಾಗಿ ಬರುವ ನಮ್ಮ ಕನ್ನಡಿಗ ವೈದ್ಯರಿಗೆ, ದಾದಿಯರಿಗೆ ಊರೂರಿನ ಮಾತುಗಳ ಒಂದು ಚಿಕ್ಕ ಕೈಪಿಡಿಯನ್ನು ಸ್ವಯಂಸೇವಕರು ನಾವು ಕೆಲವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ನಿಘಂಟಲ್ಲ, ಪದ, ಅದನ್ನು ಕೇಳಿದ ಊರು, ಹೇಳಿದವರ ವಯಸ್ಸು, ಆ ಹೊತ್ತಿನಲ್ಲಿ ಅದರ ಅರ್ಥ, ಇಷ್ಟೇ. ಕ್ಯಾನಿಗೆ ಈಗಾಗಲೇ ಆರು ಸಾಲುಗಳಾಗಿವೆ. ನಿಮ್ಮ ಊರಿನವನ್ನು ಬರೆದು ಕಳುಹಿಸಿ. ಅಬರ್ಡೀನ್ ಕಡೆಯ ಮಿತ್ರರು ಮೊದಲು ಬರೆದರೆ ಉಪಕಾರವಾದೀತು. ಅಲ್ಲಿ ‘ವಾಟ್’ ಎಂಬುದು ‘ಫಿಟ್’ ಆಗುತ್ತದೆ, ‘ಹೇಗಿದ್ದೀರಿ’ ಎಂಬುದಕ್ಕೆ ‘ಫಿಟ್ ಲೈಕ್’ ಎನ್ನುತ್ತಾರೆ. ಒಮ್ಮೆ ಅಲ್ಲಿಗೆ ಒಂದು ವಾರದ ಮಟ್ಟಿಗೆ ಹೋಗಿದ್ದಾಗ ನನ್ನನ್ನು ಹಾಗೆ ವಿಚಾರಿಸಿದ ಮಹನೀಯರಿಗೆ ನಾನು, ಅಪಸ್ಮಾರ ಎಷ್ಟು ದಿನದಿಂದ ಇದೆ ಎಂದು ಕೇಳಿದ್ದೆ.